ಒಗಟಿನ ಜಾಡಿನಲ್ಲಿ ಹೊಸ ಭಾಷೆ

ಕೇಳುಗರೇ, ಹೊಸ ಭಾಷೆಯೊಂದನ್ನು ಕಲಿಸುವ ಪಾಠಗಳಲ್ಲಿ ಹೆಚ್ಚಿನವು ಒಂದು ರೂಢಿಯ ಕ್ರಮವನ್ನು ಅನುಸರಿಸುತ್ತವೆ. ಮೊದಲು ಪದಗಳ ಪಟ್ಟಿ, ಅದರ ಬೆನ್ನಿಗೆ ವ್ಯಾಕರಣ, ಇವೆರಡೂ ಮುಗಿದ ಮೇಲೆ ಮಾತು. ಈ ಕ್ರಮದಲ್ಲಿ ಕಲಿಯುವವರಿಗೆ ಆ ಭಾಷೆಯ ಅಗತ್ಯ ಒದಗುವುದು ಕಟ್ಟಕಡೆಗೆ; ಅಷ್ಟು ಹೊತ್ತಿಗೆ ಅನೇಕರ ಉತ್ಸಾಹವೇ ಬತ್ತಿಹೋಗಿರುತ್ತದೆ. ಇದನ್ನು ತಲೆಕೆಳಗು ಮಾಡಿ, ಅಗತ್ಯವನ್ನೇ ಮೊದಲು ಹುಟ್ಟಿಸಿ, ಅದನ್ನು ಪೂರೈಸಿಕೊಳ್ಳುವ ದಾರಿಯಲ್ಲಿ ಪದವೂ ವ್ಯಾಕರಣವೂ ಕಲಿಯುವವರ ವಶವಾಗುವಂತೆ ಮಾಡುವ ಇನ್ನೊಂದು ವಿಧಾನವುಂಟು. ಒಗಟು ಬಿಡಿಸುತ್ತ, ಒಂದು ಸುಳಿವಿನಿಂದ ಇನ್ನೊಂದಕ್ಕೆ ಸಾಗುತ್ತ, ಪರಭಾಷೆಯ ಊರೊಂದರಲ್ಲಿ ನಿಧಿಯನ್ನು ಹುಡುಕುವ ಆಟವೇ ಆ ವಿಧಾನ. ಈ ಭಾಷಣದ ವಿಷಯವೂ ಅದೇ.

ನಿಧಿಶೋಧದ ಆಟ ಯುರೋಪಿನ ಮಕ್ಕಳಿಗೆ ಹೊಸದಲ್ಲ. ಜರ್ಮನಿಯಲ್ಲಿ ಅದಕ್ಕೆ ಶ್ನಿಟ್ಸೆಲ್‌ಯಾಗ್ಡ್ ಎಂದು ಹೆಸರು. ಮುಂದೆ ಹೋದ ತಂಡ ಕಾಗದದ ಚೂರುಗಳನ್ನು ಉದುರಿಸುತ್ತ ಸಾಗುತ್ತದೆ, ಹಿಂದಿನ ತಂಡ ಆ ಜಾಡನ್ನು ಹಿಡಿದು ಬರುತ್ತದೆ. ಫ್ರಾನ್ಸಿನಲ್ಲಿ ಇದನ್ನು ಜೂ ದ ಪೀಸ್ತ್ ಎನ್ನುತ್ತಾರೆ. ಪೋಲೆಂಡಿನ ಸ್ಕೌಟ್ ಮಕ್ಕಳು ಇಂಥದ್ದೇ ಆಟವನ್ನು ಪೊದ್‌ಖೋದಿ ಎಂದು ಕರೆಯುತ್ತಾರೆ. ಜರ್ಮನ್ ಕಲಿಸುವ ಅಧ್ಯಾಪಕರು ಈ ಆಟವನ್ನು ಕಾಡಿನಿಂದ ಊರೊಳಕ್ಕೆ ತಂದು, ಶ್ಟಾಟ್‌ರಾಲಿ, ಅಂದರೆ ಊರು ಸುತ್ತುವ ಸ್ಪರ್ಧೆ, ಎಂಬ ಪಾಠವನ್ನಾಗಿ ರೂಪಿಸಿಕೊಂಡಿದ್ದಾರೆ. ಮೂರು ನಾಲ್ಕು ಮಂದಿಯ ತಂಡಕ್ಕೆ ಪ್ರಶ್ನೆಗಳ ಒಂದು ಹಾಳೆ ಸಿಗುತ್ತದೆ. ಆ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿಲ್ಲ; ಬೀದಿಯಲ್ಲಿದೆ, ಅಂಗಡಿಯವರ ಬಾಯಲ್ಲಿದೆ, ಗೋಡೆಯ ಮೇಲೆ ಕೆತ್ತಿದ ಬರಹದಲ್ಲಿದೆ. ಮೊಬೈಲು ತೆಗೆಯಬಾರದು, ದಾರಿಹೋಕರನ್ನೇ ಕೇಳಬೇಕು ಎಂಬ ಷರತ್ತು ಹಾಕುವ ಅಧ್ಯಾಪಕರೂ ಉಂಟು.

ಒಂದು ಊರನ್ನು ಹತ್ತಿರದಿಂದ ಗಮನಿಸಿದರೆ ಈ ಪಾಠದ ಸ್ವರೂಪ ತಿಳಿಯುತ್ತದೆ. ಉತ್ತರ ಜರ್ಮನಿಯ ಬ್ರೆಮೆನ್ ನಗರದ ಹಳೆಯ ಮಾರುಕಟ್ಟೆ ಚೌಕದಲ್ಲಿ ರೋಲಾಂಡ್ ಎಂಬ ಯೋಧನ ಶಿಲಾಪ್ರತಿಮೆಯಿದೆ. ಅದನ್ನು ನಿಲ್ಲಿಸಿದ್ದು 1404ರಲ್ಲಿ. ಎತ್ತರ ಸುಮಾರು ಐದೂವರೆ ಮೀಟರ್. ಕೈಯಲ್ಲಿ ಬಿಚ್ಚಿದ ಕತ್ತಿ, ಎದೆಯ ಮುಂದೆ ಗುರಾಣಿ, ಪಾದಗಳ ನಡುವೆ ಒಬ್ಬ ಅಂಗವಿಕಲ ಮನುಷ್ಯನ ಚಿಕ್ಕ ಶಿಲ್ಪ. ಈ ರೋಲಾಂಡನ ಎರಡು ಮೊಣಕಾಲುಗಳ ನಡುವಿನ ಅಂತರ ಬ್ರೆಮೆನ್ನಿನ ಹಳೆಯ ಮೊಳದ ಅಳತೆ, ಇಂದಿನ ಲೆಕ್ಕದಲ್ಲಿ ಸುಮಾರು 55 ಸೆಂಟಿಮೀಟರ್. ಸಂತೆಗೆ ಬಂದವರು ತಾವು ಕೊಂಡ ಬಟ್ಟೆಯ ಅಳತೆ ಸರಿಯಿದೆಯೇ ಎಂದು ಇಲ್ಲಿ ಹಿಡಿದು ನೋಡಬಹುದಾಗಿತ್ತು ಎಂದು ಊರಿನವರು ಹೇಳುತ್ತಾರೆ. ಈಗ ಅಧ್ಯಾಪಕರು ತಂಡಕ್ಕೆ ಹೀಗೊಂದು ಒಗಟು ಒಡ್ಡಿದರು ಎಂದುಕೊಳ್ಳಿ: ಕತ್ತಿ ಹಿಡಿದವನೇ ತಕ್ಕಡಿಯವರ ನ್ಯಾಯಾಧೀಶ, ಅವನ ಕಾಲಲ್ಲಿ ಬಟ್ಟೆ ವ್ಯಾಪಾರಿಯ ಸತ್ಯವಿದೆ, ಅದೆಷ್ಟು ಉದ್ದ? ಕಲಿಯುವವರಿಗೆ ಕತ್ತಿ, ಕಾಲು, ಬಟ್ಟೆ, ಉದ್ದ ಎಂಬ ಪದಗಳ ಅರ್ಥ ತಿಳಿಯದೆ ಒಂದು ಹೆಜ್ಜೆಯನ್ನೂ ಇಡಲಾಗದು. ತಿಳಿದ ಮೇಲೂ ಸಾಲದು. ಪ್ರತಿಮೆಯ ಮುಂದೆ ನಿಂತು, ಆ ಅಳತೆಯ ಹೆಸರೇನು ಎಂದು ಸ್ಥಳೀಯರೊಬ್ಬರನ್ನು ಅವರ ಭಾಷೆಯಲ್ಲೇ ಕೇಳಬೇಕು, ಅವರು ಹೇಳಿದ್ದನ್ನು ಗ್ರಹಿಸಬೇಕು.

ಅದೇ ಚೌಕದಲ್ಲಿ, ಬ್ರೆಮೆನ್ ರಾಜ್ಯದ ಶಾಸನಸಭೆಯ ಕಟ್ಟಡದ ಮುಂದೆ, ನೆಲದಲ್ಲಿ ಒಂದು ಲೋಹದ ಮುಚ್ಚಳವಿದೆ. ಅದರ ಕಂಡಿಯೊಳಕ್ಕೆ ನಾಣ್ಯ ಹಾಕಿದರೆ ಕೆಳಗಿನಿಂದ ಕತ್ತೆ, ನಾಯಿ, ಬೆಕ್ಕು, ಹುಂಜ, ಈ ನಾಲ್ಕರಲ್ಲೊಂದರ ಕೂಗು ಕೇಳುತ್ತದೆ. ಗ್ರಿಮ್ ಸಹೋದರರು ಸಂಗ್ರಹಿಸಿದ ಪ್ರಸಿದ್ಧ ಕಥೆಯಲ್ಲಿ ಬ್ರೆಮೆನ್ನಿಗೆ ಹೊರಟ ನಾಲ್ಕು ಪ್ರಾಣಿಗಳು ಅವು. ಬಿದ್ದ ಹಣ ದತ್ತಿಗೆ ಹೋಗುತ್ತದೆ. ನೆಲದ ಬಾಯಿಗೆ ಕಾಸು ಹಾಕಿದರೆ ಕೂಗುವವರು ಯಾರು ಎಂಬ ಒಗಟನ್ನು ಮಕ್ಕಳ ತಂಡಕ್ಕೆ ಒಡ್ಡಿದರೆ, ಆ ನಾಲ್ಕು ಪ್ರಾಣಿಗಳ ಹೆಸರು ಅವರಿಗೆ ಮತ್ತೆಂದೂ ಮರೆಯಲಿಕ್ಕಿಲ್ಲ. ಪದವು ಪಟ್ಟಿಯಿಂದ ಬಂದದ್ದಲ್ಲ, ಒಂದು ಜಾಗದಿಂದ, ಒಂದು ಕೂಗಿನಿಂದ, ಒಂದು ಗೆಲುವಿನಿಂದ ಬಂದದ್ದು ಎಂಬುದೇ ಅದಕ್ಕೆ ಕಾರಣ.

ಇಷ್ಟು ಹೊತ್ತು ಹೇಳಿದ್ದು ನಡೆದಾಡುವ ನಿಧಿಶೋಧದ ಮಾತು: ಒಗಟು ಭಾಷೆಯ ಅಗತ್ಯವನ್ನು ಹುಟ್ಟಿಸುತ್ತದೆ, ಊರು ಆ ಭಾಷೆಗೆ ನೆಲೆ ಕೊಡುತ್ತದೆ. ಆದರೆ ಬ್ರೆಮೆನ್ನಿಗೆ ಹೋಗಲಾಗದವರ ಗತಿಯೇನು? ಈ ಪ್ರಶ್ನೆಗೆ ಯುರೋಪಿನ ಮೂರು ಸಾರ್ವಜನಿಕ ಬಾನುಲಿ ಸಂಸ್ಥೆಗಳು ಸೇರಿ ಒಂದು ಉತ್ತರ ಕೊಟ್ಟವು. ಜರ್ಮನಿಯ ಡಾಯ್ಚ ವೆಲ್ಲ, ಪೋಲೆಂಡಿನ ಪೋಲ್ಸ್ಕಿಯೆ ರಾದಿಯೊ ಮತ್ತು ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿ ಆ ಸಂಸ್ಥೆಗಳು. ಯುರೋಪಿಯನ್ ಒಕ್ಕೂಟದ ನೆರವಿನಿಂದ, ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ, ಅವು ಮಿಷನ್ ಯುರೋಪ್ ಎಂಬ ಹೆಸರಿನಲ್ಲಿ ಮೂರು ಬಾನುಲಿ ಸರಣಿಗಳನ್ನು ಸಿದ್ಧಪಡಿಸಿದವು. ಮಿಷನ್ ಬರ್ಲಿನ್ ಜರ್ಮನ್ ಕಲಿಸುತ್ತದೆ, ಮಿಸ್ಯಾ ಕ್ರಾಕುಫ್ ಪೋಲಿಷ್ ಕಲಿಸುತ್ತದೆ, ಮಿಸ್ಯೋಂ ಪಾರಿ ಫ್ರೆಂಚ್ ಕಲಿಸುತ್ತದೆ. ಒಂದೊಂದರಲ್ಲೂ 26 ಕಂತುಗಳು; ಕಂತೊಂದಕ್ಕೆ ಸುಮಾರು ಐದು ನಿಮಿಷ.

ಇದರ ಹಿಂದೆ ಒಂದು ರಾಜಕೀಯ ನಿಲುವೂ ಇತ್ತು. 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಒಕ್ಕೂಟದ ನಾಯಕರು, ಪ್ರತಿಯೊಂದು ಮಗುವೂ ಎಳೆಯ ವಯಸ್ಸಿನಿಂದಲೇ ತಾಯ್ನುಡಿಯ ಜೊತೆಗೆ ಇನ್ನೆರಡು ಭಾಷೆಗಳನ್ನು ಕಲಿಯುವಂತಾಗಬೇಕು ಎಂಬ ಗುರಿಯನ್ನು ಘೋಷಿಸಿದ್ದರು. ಇಂದು 24 ಅಧಿಕೃತ ಭಾಷೆಗಳಿರುವ ಆ ಒಕ್ಕೂಟದಲ್ಲಿ ಎಲ್ಲರೂ ಇಂಗ್ಲಿಷೊಂದನ್ನೇ ಕಲಿತು ಕೈತೊಳೆದುಕೊಂಡರೆ ಉಳಿದ ಭಾಷೆಗಳು ತಮ್ಮ ತಮ್ಮ ಗಡಿಯೊಳಗೇ ಉಳಿದುಬಿಡುತ್ತವೆ ಎಂಬ ಕಳವಳ ಅದರಲ್ಲಿತ್ತು, ಮತ್ತು ಆ ಕಳವಳ ನ್ಯಾಯವಾದದ್ದೇ.

ಮಿಷನ್ ಬರ್ಲಿನ್ ಸರಣಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದರ ನಾಯಕಿ ಅನ್ನಾ ಒಂದು ಕಂಪ್ಯೂಟರ್ ಆಟದೊಳಗಿನ ಪಾತ್ರ. ಅವಳನ್ನು ನಡೆಸುವ ಆಟಗಾರನೊಬ್ಬನಿದ್ದಾನೆ. ಬರ್ಲಿನ್ನಿನ ಹೋಟೆಲ್ ಕೋಣೆಯೊಂದರಲ್ಲಿ ಅವಳಿಗೆ ಎಚ್ಚರವಾಗುತ್ತದೆ. ತಾನಲ್ಲಿಗೆ ಹೇಗೆ ಬಂದೆನೆಂದು ಅವಳಿಗೇ ತಿಳಿಯದು. ಎದುರಿಗೆ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ನಿಂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಾನೆ, ಮಂಚದ ಪಕ್ಕದಲ್ಲಿ ಒಂದು ಸಂಗೀತ ಪೆಟ್ಟಿಗೆ ಇದೆ, ಹೊರಗೆ ಮೋಟಾರ್‌ಸೈಕಲ್ ಸವಾರರು ಅವಳ ಬೆನ್ನು ಹತ್ತಲು ಕಾದಿದ್ದಾರೆ. ಅವಳು ಕಾಂಟ್‌ಸ್ಟ್ರಾಸ ಎಂಬ ಬೀದಿಗೆ ದಾರಿ ಕೇಳುತ್ತ ಹೋಗುತ್ತಾಳೆ. ಗಡಿಯಾರ ದುರಸ್ತಿ ಮಾಡುವ ವೃದ್ಧನೊಬ್ಬ ಆ ಪೆಟ್ಟಿಗೆಯನ್ನು ಸರಿಪಡಿಸಿಕೊಟ್ಟು, ತನಗೂ ಅವಳಿಗೂ ಬಾಲ್ಯದ ಪರಿಚಯವಿದೆ ಎನ್ನುತ್ತಾನೆ. ಅವಳೋ ಇನ್ನೂ ಯುವತಿ; ಅದು ಹೇಗೆ ಸಾಧ್ಯ? ಪರಿಹಾರವು ವಿಭಜನೆಯಲ್ಲಿದೆ, ಸಂಗೀತದ ಹಿಂದೆ ಹೋಗಬೇಕು ಎಂಬ ಅರ್ಥದ ಸುಳಿವೊಂದು ಅವಳಿಗೆ ದೊರೆಯುತ್ತದೆ. ಆ ಸುಳಿವು ಅವಳನ್ನು ಚರ್ಚೊಂದರ ಆರ್ಗನ್ ವಾದ್ಯದ ಬಳಿಗೆ, ಅಲ್ಲಿಂದ 1961ರ ಬರ್ಲಿನ್ನಿಗೆ ಕೊಂಡೊಯ್ಯುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ರಚನಾ ಕೌಶಲವಿದೆ. ಅನ್ನಾಳಿಗೆ ಜರ್ಮನ್ ಬರುವುದಿಲ್ಲ. ಅವಳೂ ಆಟಗಾರನೂ ಕೇಳುಗರ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಬರ್ಲಿನ್ನಿನ ಜನ ಮಾತ್ರ ಜರ್ಮನ್ ಆಡುತ್ತಾರೆ. ಹೀಗಾಗಿ ಕೇಳುಗರ ಅಜ್ಞಾನವೂ ನಾಯಕಿಯ ಅಜ್ಞಾನವೂ ಒಂದೇ ಮಟ್ಟದಲ್ಲಿರುತ್ತವೆ. ಬೀದಿಯಲ್ಲಿ ಸಿಕ್ಕವರು ಎಡಕ್ಕೆ ಎಂದರೋ ಬಲಕ್ಕೆ ಎಂದರೋ ಎಂಬುದು ಅವಳಿಗೆ ತಿಳಿಯದಿದ್ದರೆ ಕೇಳುಗರಿಗೂ ತಿಳಿಯದು, ಅವಳು ತಡವರಿಸಿದಷ್ಟು ಹೊತ್ತು ಬೆನ್ನಟ್ಟಿದವರು ಹತ್ತಿರವಾಗುತ್ತಾರೆ. ಪಠ್ಯಪುಸ್ತಕದಲ್ಲಿ ಎಡ ಬಲ ಎಂಬ ಎರಡು ಪದಗಳಿಗೆ ಯಾವ ಪರಿಣಾಮವೂ ಇಲ್ಲ. ಕಥೆಯಲ್ಲಿ ಅವುಗಳ ಮೇಲೆ ಒಂದು ಜೀವವೇ ನಿಂತಿದೆ. ಅದಲ್ಲದೆ, ಹೊಸ ಭಾಷೆ ಮನಸ್ಸಿನಲ್ಲಿ ನಿಲ್ಲಲು ಅದೇ ಮಾತು ಮರಳಿ ಮರಳಿ ಕಿವಿಗೆ ಬೀಳಬೇಕು. ಬರಿಯ ಪಾಠದಲ್ಲಿ ಆ ಪುನರುಕ್ತಿ ಬೇಸರ ತರಿಸುತ್ತದೆ. ನಿಧಿಶೋಧದಲ್ಲಿ ಪ್ರತಿ ಹೊಸ ಬೀದಿಯಲ್ಲೂ ದಾರಿ ಕೇಳಲೇಬೇಕು, ಪ್ರತಿ ಹೊಸ ಮನುಷ್ಯನಿಗೂ ತಾನು ಯಾರೆಂದು ಹೇಳಲೇಬೇಕು, ಗಂಟೆ ಎಷ್ಟೆಂದು ಮತ್ತೆ ಮತ್ತೆ ತಿಳಿದುಕೊಳ್ಳಲೇಬೇಕು. ಪುನರುಕ್ತಿ ಇಲ್ಲಿ ಕಥೆಯ ನಡಿಗೆಯೇ ಆಗಿಬಿಡುತ್ತದೆ.

ಬಾನುಲಿಯಲ್ಲಿ ಚಿತ್ರವಿಲ್ಲ ಎಂಬುದು ಈ ಕಲಿಕೆಗೆ ಕೊರತೆಯೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಅದು ಅನುಕೂಲ. ಚಿತ್ರವಿದ್ದರೆ ಕಲಿಯುವವರು ಮಾತನ್ನು ಬಿಟ್ಟು ಮುಖಭಾವದಿಂದಲೇ ಅರ್ಥವನ್ನು ಊಹಿಸಿಬಿಡುತ್ತಾರೆ. ಶಬ್ದವೊಂದೇ ಇದ್ದಾಗ ಬಾಗಿಲು ಮುಚ್ಚಿದ ಸದ್ದು, ಓಡುವ ಹೆಜ್ಜೆ, ಪೆಟ್ಟಿಗೆಯ ರಾಗ, ಇವುಗಳ ನಡುವೆ ಬರುವ ಮಾತೇ ಮುಖ್ಯ ಆಧಾರವಾಗುತ್ತದೆ, ಕಿವಿ ತಾನಾಗಿ ಚುರುಕಾಗುತ್ತದೆ. ಡಾಯ್ಚ ವೆಲ್ಲ ಸಂಸ್ಥೆ ಈ ಸತ್ಯವನ್ನು ಇನ್ನೊಂದು ಸರಣಿಯಲ್ಲೂ ಬಳಸಿಕೊಂಡಿತು. ಜರ್ಮನ್ ಭಾಷೆಯ ಪ್ರಸಾರಕ್ಕಾಗಿ ದುಡಿಯುವ ಗೋಯ್ತ ಸಂಸ್ಥೆಯ ಜೊತೆಗೂಡಿ ಅದು ರೂಪಿಸಿದ ರೇಡಿಯೋ ಡಿ ಎಂಬ ಪಾಠಮಾಲೆಯಲ್ಲಿ ಪೌಲಾ ಮತ್ತು ಫಿಲಿಪ್ ಎಂಬ ಇಬ್ಬರು ಬಾನುಲಿ ವರದಿಗಾರರು ನಿಗೂಢ ಪ್ರಸಂಗಗಳ ಬೆನ್ನು ಹತ್ತುತ್ತಾರೆ. ಅವುಗಳಲ್ಲೊಂದು ಬವೇರಿಯಾದ ದೊರೆ ಎರಡನೆಯ ಲುಡ್ವಿಗ್‌ಗೆ ಸಂಬಂಧಿಸಿದ್ದು. 1886ರಲ್ಲಿ ಸರೋವರವೊಂದರಲ್ಲಿ ಸಂಭವಿಸಿದ ಆ ದೊರೆಯ ಸಾವು ಇಂದಿಗೂ ಚರ್ಚೆಯ ವಿಷಯ. ಒಗಟನ್ನು ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಸಿಗಲಾರದು.

ಹಾಗಾದರೆ, ಕೇಳುಗರೇ, ಎರಡು ಅಂಶಗಳು ಇಲ್ಲಿಗೆ ಸ್ಪಷ್ಟವಾದವು. ಒಗಟು ಪ್ರತಿ ಪದಕ್ಕೂ ಬೆಲೆ ತರುತ್ತದೆ. ಬಾನುಲಿ ಆ ಪದದ ಮೇಲೆ ಗಮನವನ್ನು ನಿಲ್ಲಿಸುತ್ತದೆ. ಮೂರನೆಯದು ಊರಿನ ಚರಿತ್ರೆಯದು. ಅನ್ನಾಳಿಗೆ ಸಿಕ್ಕ ಸುಳಿವಿನಲ್ಲಿರುವ ವಿಭಜನೆ ಬರಿಯ ಕಲ್ಪನೆಯಲ್ಲ. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರ್ಕಾರ ಬರ್ಲಿನ್ ನಗರದ ನಡುವೆ ಮುಳ್ಳುತಂತಿ ಎಳೆಯಿತು; ತಂತಿಯಿದ್ದಲ್ಲಿ ಮುಂದೆ ಗೋಡೆ ಎದ್ದಿತು. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಆ ಗಡಿಯ ಒಟ್ಟು ಉದ್ದ ಸುಮಾರು 155 ಕಿಲೋಮೀಟರ್. ಬೆರ್ನಾವರ್ ಸ್ಟ್ರಾಸ ಎಂಬ ಬೀದಿಯಲ್ಲಿ ಸ್ಥಿತಿ ವಿಚಿತ್ರವಾಗಿತ್ತು: ಒಂದು ಪಕ್ಕದ ಮನೆಗಳು ಪೂರ್ವಕ್ಕೆ ಸೇರಿದ್ದವು, ಆ ಮನೆಗಳ ಹೊಸ್ತಿಲಿನ ಮುಂದಿನ ಕಾಲುದಾರಿ ಪಶ್ಚಿಮಕ್ಕೆ ಸೇರಿತ್ತು. ಬಾಗಿಲುಗಳನ್ನು ಮುಚ್ಚಿಸಿದಾಗ ಜನ ಕಿಟಕಿಗಳಿಂದ ಹಾರಿದರು. ಹಾರುವಾಗ ಸತ್ತವರೂ ಇದ್ದಾರೆ. ಕೊನೆಗೆ ಕಿಟಕಿಗಳಿಗೂ ಇಟ್ಟಿಗೆ ಬಿತ್ತು. ಇಂದು ಆ ಬೀದಿಯಲ್ಲೇ ಗೋಡೆಯ ಸ್ಮಾರಕವಿದೆ. ಇಲ್ಲಿ, ಅಲ್ಲಿ, ಒಳಗೆ, ಹೊರಗೆ, ಈಚೆ, ಆಚೆ ಎಂಬ ಸ್ಥಳವಾಚಕಗಳನ್ನು ಕಲಿಯಲು ಮೇಜು ಕುರ್ಚಿಗಳ ಉದಾಹರಣೆ ಸಾಕು. ಆದರೆ ಆ ಬೀದಿಯ ಒಗಟನ್ನು ಬಿಡಿಸುತ್ತ ಅವನ್ನು ಕಲಿತವರು ಪದಗಳ ಜೊತೆಗೆ, 1989ರ ನವೆಂಬರ್ 9ರ ರಾತ್ರಿ ಆ ಗಡಿ ತೆರೆದಾಗ ಜನ ಯಾಕೆ ಅತ್ತರು ಎಂಬುದನ್ನೂ ತಿಳಿದಿರುತ್ತಾರೆ. ಭಾಷೆಯನ್ನು ಅದರ ಜನರ ಅನುಭವದಿಂದ ಬೇರ್ಪಡಿಸಿ ಕಲಿಸುವುದು ಅರ್ಧ ಕಲಿಸಿದಂತೆ.

ಬರ್ಲಿನ್ನಿನಲ್ಲಿ ಗೋಡೆ ಇದ್ದಂತೆ ಕ್ರಾಕುಫ್ ನಗರದಲ್ಲಿ ಒಂದು ಕಹಳೆಯಿದೆ. ಅಲ್ಲಿನ ಮಾರುಕಟ್ಟೆ ಚೌಕದ ಮೂಲೆಯಲ್ಲಿರುವ ಸಂತ ಮೇರಿ ಚರ್ಚಿನ ಎರಡು ಗೋಪುರಗಳಲ್ಲಿ ಎತ್ತರದ್ದರಿಂದ, ಸುಮಾರು 80 ಮೀಟರ್ ಎತ್ತರದ ಆ ಗೋಪುರದಿಂದ, ಗಂಟೆಗೊಮ್ಮೆ ಕಹಳೆ ಮೊಳಗುತ್ತದೆ. ಊದುವವರು ಅಗ್ನಿಶಾಮಕ ದಳದವರು. ನಾಲ್ಕು ದಿಕ್ಕುಗಳ ಕಿಟಕಿಗಳಿಂದ ನಾಲ್ಕು ಸಲ ಊದಲಾಗುವ ಈ ಸ್ವರಮಾಲೆಗೆ ಹೇಯ್ನಾವ್ ಎಂದು ಹೆಸರು. ಅದು ಪ್ರತಿ ಸಲವೂ ನಡುವೆ ಥಟ್ಟನೆ ನಿಂತುಹೋಗುತ್ತದೆ. 13ನೆಯ ಶತಮಾನದ ತಾತಾರರ ದಾಳಿಯಲ್ಲಿ, ಎಚ್ಚರಿಕೆಯ ಕಹಳೆ ಊದುತ್ತಿದ್ದ ಕಾವಲುಗಾರನ ಕೊರಳಿಗೆ ಬಾಣ ನಾಟಿ ಸ್ವರ ಕಡಿದುಹೋಯಿತು, ಅದರ ನೆನಪಿಗೆ ಹೀಗೆ ಎಂಬುದು ಐತಿಹ್ಯ. 1927ರಿಂದ ಮಧ್ಯಾಹ್ನ 12 ಗಂಟೆಯ ಕಹಳೆಯನ್ನು ಪೋಲಿಷ್ ಬಾನುಲಿ ದೇಶಕ್ಕೆಲ್ಲ ಕೇಳಿಸುತ್ತ ಬಂದಿದೆ. ಗಂಟೆಗೊಮ್ಮೆ ಹಾಡುತ್ತದೆ, ಹಾಡನ್ನೆಂದೂ ಮುಗಿಸುವುದಿಲ್ಲ, ಅದು ಏನು ಎಂಬ ಒಗಟಿಗೆ ಆ ಊರಿನಲ್ಲಿ ಉತ್ತರ ಆಕಾಶದಿಂದಲೇ ಕೇಳಿಬರುತ್ತದೆ.

ಪೋಲಿಷ್ ಕಠಿಣವೆಂಬ ಮಾತು ಯುರೋಪಿನಲ್ಲಿ ಪ್ರಚಲಿತ. ಅದಕ್ಕೆ ಮುಖ್ಯ ಕಾರಣ ಅದರ ಏಳು ವಿಭಕ್ತಿಗಳು. ಊರಿನ ಹೆಸರೂ ವಾಕ್ಯದಲ್ಲಿ ತನ್ನ ಕೊನೆಯನ್ನು ಬದಲಾಯಿಸಿಕೊಳ್ಳುತ್ತದೆ: ಊರು ಕ್ರಾಕುಫ್, ಊರಿಗೆ ಎನ್ನುವಾಗ ದೊ ಕ್ರಾಕೊವಾ, ಊರಿನಲ್ಲಿ ಎನ್ನುವಾಗ ಫ್ ಕ್ರಾಕೊವ್ಯೆ. ಫ್ರೆಂಚರಿಗೆ ಅಥವಾ ಇಂಗ್ಲಿಷರಿಗೆ ಇದು ತೊಡಕು. ಮೈಸೂರು, ಮೈಸೂರಿಗೆ, ಮೈಸೂರಿನಲ್ಲಿ ಎಂದು ಬೆಳೆದ ಕನ್ನಡಿಗರಿಗೆ ಈ ವ್ಯವಸ್ಥೆಯ ತತ್ತ್ವ ಅಪರಿಚಿತವಲ್ಲ. ನಿಧಿಶೋಧ ಇಲ್ಲಿಯೂ ನೆರವಾಗುತ್ತದೆ. ಸುಳಿವು ಗೋಪುರದಲ್ಲಿದೆಯೋ, ಗೋಪುರಕ್ಕೆ ಹೋಗಬೇಕೋ, ಗೋಪುರದಿಂದ ಹೊರಡಬೇಕೋ ಎಂಬ ವ್ಯತ್ಯಾಸ ಆಟದ ಸೋಲುಗೆಲುವನ್ನೇ ನಿರ್ಧರಿಸುವುದರಿಂದ, ಪದದ ಬಾಲಕ್ಕೆ ಕಿವಿಗೊಡುವ ಅಭ್ಯಾಸ ಬೆಳೆಯುತ್ತದೆ.

ಪ್ಯಾರಿಸ್ಸಿನ ಮಾತನ್ನು ಚಿಕ್ಕದಾಗಿ ಹೇಳಿದರೆ ಸಾಕು. 1994ರಲ್ಲಿ ಡಚ್ ಕಲಾವಿದ ಯಾನ್ ಡಿಬೆಟ್ಸ್ ಅವರು ಖಗೋಳಜ್ಞ ಫ್ರಾನ್ಸ್ವಾ ಅರಾಗೋ ಅವರ ನೆನಪಿಗಾಗಿ, ಪ್ಯಾರಿಸ್ಸಿನ ಮೇಲೆ ಹಾಯ್ದುಹೋಗುವ ಹಳೆಯ ರೇಖಾಂಶದ ಉದ್ದಕ್ಕೂ 135 ಲೋಹದ ಬಿಲ್ಲೆಗಳನ್ನು ನೆಲದಲ್ಲಿ ಹುದುಗಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ರತಿ ಬಿಲ್ಲೆಯ ಮೇಲೂ ಅರಾಗೋ ಎಂಬ ಹೆಸರು, ಉತ್ತರ ದಕ್ಷಿಣಗಳ ಗುರುತು. ಕೆಲವು ಕಳುವಾಗಿವೆ, ಕೆಲವು ರಸ್ತೆ ಕೆಲಸದಲ್ಲಿ ಮರೆಯಾಗಿವೆ. ಹುಡುಕಾಟದ ಆಟಕ್ಕೆ ಊರೇ ಒದಗಿಸಿದ ಸಿದ್ಧ ಹಾದಿಯಿದು. ಫ್ರೆಂಚ್ ಸಂಖ್ಯೆಗಳ ಜಟಿಲತೆಯೂ ಇಂಥ ಆಟದಲ್ಲೇ ಬಗೆಹರಿಯಬೇಕು. 92 ಎನ್ನಲು ಪ್ಯಾರಿಸ್ಸಿನವರು ನಾಲ್ಕು ಇಪ್ಪತ್ತು ಹನ್ನೆರಡು ಎನ್ನುತ್ತಾರೆ. ಕೊನೆಯ ಪದವನ್ನು ಕೇಳಿಸಿಕೊಳ್ಳದೆ 80ನೆಯ ಮನೆಯ ಬಾಗಿಲು ತಟ್ಟಿದವರು ಆ ತಪ್ಪನ್ನು ಎರಡನೆಯ ಸಲ ಮಾಡಲಾರರು.

ಇದುವರೆಗಿನ ಮಾತುಗಳಲ್ಲಿ ಬ್ರೆಮೆನ್ನಿನ ಅಳತೆ, ಬರ್ಲಿನ್ನಿನ ಗೋಡೆ, ಕ್ರಾಕುಫ್‌ನ ಕಹಳೆ, ಪ್ಯಾರಿಸ್ಸಿನ ಬಿಲ್ಲೆ, ಎಲ್ಲವೂ ಒಂದೇ ತತ್ತ್ವಕ್ಕೆ ಸಾಕ್ಷಿ ನುಡಿದಿವೆ: ಮನಸ್ಸು ಅರ್ಥದ ಹಿಂದೆ ಓಡುತ್ತಿರುವಾಗ ಭಾಷೆ ಹಿಂಬಾಲಿಸುತ್ತದೆ. ಈ ತತ್ತ್ವವನ್ನು ತರಗತಿಯಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಯುರೋಪಿನಲ್ಲಲ್ಲ, ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಭಾರತದಲ್ಲಿ ಎಂಬುದನ್ನು ಕನ್ನಡ ಕೇಳುಗರು ಅವಶ್ಯವಾಗಿ ತಿಳಿದಿರಬೇಕು. ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆಲೆಯಿಂದ, ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಈ ಪ್ರಯೋಗ ಸಾಗಿತು. ಜಗತ್ತಿನ ಭಾಷಾಶಿಕ್ಷಣ ಗ್ರಂಥಗಳು ಇಂದಿಗೂ ಅದನ್ನು ಬೆಂಗಳೂರು ಯೋಜನೆ ಎಂದೇ ಕರೆಯುತ್ತವೆ. ಅದರ ವಿವರಗಳನ್ನು ಪ್ರಭು ಅವರು 1987ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಆ ತರಗತಿಗಳಲ್ಲಿ ವ್ಯಾಕರಣದ ಪಾಠವಿರಲಿಲ್ಲ, ಪದಗಳ ಪಟ್ಟಿಯಿರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, ಬಿಡಿಸಬೇಕಾದ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಒಡ್ಡಲಾಗುತ್ತಿತ್ತು. ಮೊದಲು ಅಧ್ಯಾಪಕರು ಅಂಥದ್ದೇ ಒಂದು ಸಮಸ್ಯೆಯನ್ನು ತರಗತಿಯ ಜೊತೆಗೂಡಿ ಬಿಡಿಸುತ್ತಿದ್ದರು. ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಬಿಡಿಸಬೇಕಾಗಿತ್ತು. ಪ್ರಭು ಅವರು ಇಂಥ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವುದು ಮಾಹಿತಿಯ ಅಂತರವನ್ನು ತುಂಬುವ ಕೆಲಸ. ಕೊಟ್ಟ ಸಂಗತಿಗಳಿಂದ ಹೊಸದೊಂದನ್ನು ತರ್ಕಿಸಿ ಕಂಡುಕೊಳ್ಳುವುದು ತರ್ಕದ ಅಂತರವನ್ನು ತುಂಬುವ ಕೆಲಸ. ತನ್ನ ಇಷ್ಟವನ್ನೋ ನಿಲುವನ್ನೋ ಹೇಳುವುದು ಅಭಿಪ್ರಾಯದ ಅಂತರವನ್ನು ತುಂಬುವ ಕೆಲಸ. ಮೂರರಲ್ಲಿ ಎರಡನೆಯದೇ ತರಗತಿಗೆ ಹೆಚ್ಚು ಒಗ್ಗಿತು ಎಂಬುದು ಅವರ ಅನುಭವ. ಒಗಟು ಎಂಬುದು ಈ ಎರಡನೆಯ ಬಗೆಯ ಶುದ್ಧ ರೂಪ. ಅದರಲ್ಲಿ ಬೇಕಾದ ಸಂಗತಿಗಳೆಲ್ಲ ಮಾತಿನಲ್ಲೇ ಇವೆ, ಉತ್ತರ ಮಾತ್ರ ಇಲ್ಲ. ಉತ್ತರಕ್ಕಾಗಿ ಆ ಮಾತನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಲೇಬೇಕು.

ಒಗಟು ಎಷ್ಟು ಕಠಿಣವಿರಬೇಕು ಎಂಬ ಪ್ರಶ್ನೆಗೂ ಆ ಯೋಜನೆ ಒಂದು ಪ್ರಾಯೋಗಿಕ ಅಳತೆಗೋಲು ಕೊಟ್ಟಿದೆ. ತರಗತಿಯ ಅರ್ಧದಷ್ಟಾದರೂ ಮಕ್ಕಳು ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಅದು ತಕ್ಕ ಮಟ್ಟದ್ದು. ಅದಕ್ಕಿಂತ ಸುಲಭವಾದರೆ ಬುದ್ಧಿಗೆ ಕೆಲಸವಿಲ್ಲ, ಕಠಿಣವಾದರೆ ಮಕ್ಕಳು ಕೈಚೆಲ್ಲುತ್ತಾರೆ. ಯೋಜನೆಯ ಮೌಲ್ಯಮಾಪನ ಮಾಡಿದ ಬ್ರಿಟನ್ನಿನ ವಿದ್ವಾಂಸರಾದ ಬೆರೆಟಾ ಮತ್ತು ಡೇವಿಸ್ ಅವರು 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಚ್ಚರಿಕೆಯ ಮಾತುಗಳೊಂದಿಗೇ ಅದರ ಪರವಾದ ತೀರ್ಮಾನಕ್ಕೆ ಬಂದರು. ಮಾಡಬೇಕಾದ ಕೆಲಸವನ್ನೇ ಪಾಠದ ನಡುಗಂಬವಾಗಿಸುವ ಬೋಧನಾ ವಿಧಾನ ಅನಂತರದ ದಶಕಗಳಲ್ಲಿ ಯುರೋಪಿನಲ್ಲೂ ಬೇರೂರಿತು. ಅದರ ಚರಿತ್ರೆಯನ್ನು ಬೆಂಗಳೂರನ್ನು ಬಿಟ್ಟು ಬರೆಯಲಾಗದು.

ವಿಧಾನದ ಗುಣವನ್ನು ಹೇಳಿದಂತೆ ಅದರ ಮಿತಿಯನ್ನೂ ಹೇಳಬೇಕು. ಐದು ನಿಮಿಷದ 26 ಕಂತುಗಳು ಒಟ್ಟಾಗಿ ಸುಮಾರು ಎರಡು ಗಂಟೆ ಹತ್ತು ನಿಮಿಷ. ಯುರೋಪಿನ ಸಾಮಾನ್ಯ ಮಾನದಂಡದ ಮೊದಲ ಮೆಟ್ಟಿಲು, ಅಂದರೆ ಎ1 ಎಂಬ ಮಟ್ಟ, ತಲುಪಲು ಗೋಯ್ತ ಸಂಸ್ಥೆಯೇ ಹೇಳುವಂತೆ ಮುಕ್ಕಾಲು ಗಂಟೆಯ ಕನಿಷ್ಠ 80 ಪಾಠಗಳು ಬೇಕು. ಆದ್ದರಿಂದ ಬಾನುಲಿಯ ನಿಧಿಶೋಧ ಕಲಿಕೆಯ ಬಾಗಿಲನ್ನು ತೆರೆಯಬಲ್ಲದು, ಇಡೀ ಮನೆಯನ್ನು ಕಟ್ಟಿಕೊಡಲಾರದು. ಅದು ಕಿವಿಯನ್ನು ಪಳಗಿಸುತ್ತದೆ. ಬರಹ ಅದರಿಂದ ಬರುವುದಿಲ್ಲ, ಮಾತು ಬರಬೇಕಾದರೆ ಎದುರಿಗೊಬ್ಬರು ಇರಲೇಬೇಕು. ಕಥೆಯ ಕುತೂಹಲ ತೀರಾ ಹೆಚ್ಚಾದರೆ ಕೇಳುಗರು ತಮ್ಮ ಭಾಷೆಯ ಭಾಗವನ್ನಷ್ಟೇ ಹಿಡಿದುಕೊಂಡು ಮುಂದೆ ಓಡುವ ಅಪಾಯವೂ ಉಂಟು. ಸುಳಿವುಗಳು ಹೊಸ ಭಾಷೆಯಲ್ಲೇ ಅಡಗಿರಬೇಕು, ಅದನ್ನು ಬಿಟ್ಟರೆ ಉತ್ತರಕ್ಕೆ ಬೇರೆ ದಾರಿ ಇರಬಾರದು. ಒಳ್ಳೆಯ ಸರಣಿಗೂ ಸಾಧಾರಣ ಸರಣಿಗೂ ಇರುವ ಭೇದ ಇಷ್ಟೇ. ಈ ಮಿತಿಗಳನ್ನು ಒಪ್ಪಿಕೊಂಡ ಮೇಲೂ, ಹೊಸ ಭಾಷೆಯ ಮೊದಲ ವಾರಗಳಲ್ಲಿ ಕಲಿಯುವವರನ್ನು ಓಡಿಹೋಗದಂತೆ ಹಿಡಿದಿಡುವ ಶಕ್ತಿ ಈ ವಿಧಾನಕ್ಕಿರುವಷ್ಟು ಬೇರೆ ಯಾವುದಕ್ಕೂ ಇಲ್ಲ.

ಕನ್ನಡದ ಬಾನುಲಿ ಕೇಂದ್ರಗಳೂ ಕನ್ನಡ ಕಲಿಸುವ ಅಧ್ಯಾಪಕರೂ ಇದನ್ನು ಕೈಗೆತ್ತಿಕೊಳ್ಳಬೇಕು. ಬೆಂಗಳೂರಿಗೆ ಬಂದು ನೆಲೆಸಿದ ಲಕ್ಷಾಂತರ ಮಂದಿಗೆ, ಹೊರದೇಶಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೆ, ಅಆಇಈಯಿಂದ ಶುರುವಾಗುವ ಪಾಠಕ್ಕಿಂತ, ಐದು ನಿಮಿಷಕ್ಕೊಮ್ಮೆ ಒಂದು ಸುಳಿವು ಕೊಟ್ಟು ಮುಂದಿನ ಕಂತಿಗೆ ಕಾಯಿಸುವ ಕಥೆ ಕನ್ನಡವನ್ನು ಹೆಚ್ಚು ಹತ್ತಿರ ತಂದೀತು. ಅದಕ್ಕೆ ಬೇಕಾದದ್ದು ಕಥೆ ಕಟ್ಟಬಲ್ಲ ಒಬ್ಬ ಬರಹಗಾರ, ಪಾಠದ ಮೆಟ್ಟಿಲುಗಳನ್ನು ಬಲ್ಲ ಒಬ್ಬ ಅಧ್ಯಾಪಕ, ಕೆಲವು ಕಲಾವಿದರು ಮತ್ತು ಒಂದು ಧ್ವನಿಮುದ್ರಣ ಕೋಣೆ. ವಿಧಾನವನ್ನು ಹೊರಗಿನಿಂದ ತರಬೇಕಾಗಿಲ್ಲ; ಬೆಂಗಳೂರಿನ ಹೆಸರು ಹೊತ್ತ ಯೋಜನೆಯಲ್ಲಿ ಅದು ನಾಲ್ಕು ದಶಕಗಳ ಹಿಂದೆಯೇ ಪರೀಕ್ಷೆಗೊಳಗಾಗಿದೆ.